ಗೋಡೌನಿನಲ್ಲಿ ನಿಂತ ಯೆಜ್ಡಿ: ಬಣ್ಣ ಆಮೇಲೆ, ಮೊದಲು ಎಂಜಿನ್ ತಿರುಗಲಿ

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಮೂಡಿಗೆರೆ ತಾಲ್ಲೂಕು. ನಮ್ಮ ಅಜ್ಜನ ಯೆಜ್ಡಿ ರೋಡ್‌ಕಿಂಗ್, 1984ರ ಬೈಕ್, ತೋಟದ ಗೋಡೌನಿನಲ್ಲಿ ಹತ್ತು ಹನ್ನೆರಡು ವರ್ಷದಿಂದ ನಿಂತಿದೆ. ಅಜ್ಜ ತೀರಿಕೊಂಡ ಮೇಲೆ ಯಾರೂ ಮುಟ್ಟಿಲ್ಲ. ಕಿಕ್ಕರ್ ಅಲ್ಲಾಡುವುದೇ ಇಲ್ಲ, ಟ್ಯಾಂಕ್ ಒಳಗೆ ತುಕ್ಕು, ಸೈಲೆನ್ಸರ್‌ಗಳ ಕ್ರೋಮ್ ಹೋಗಿದೆ. ಬೆಂಗಳೂರಿನಲ್ಲಿ ಒಂದು ಕಡೆ ಕೇಳಿದರೆ ಪೂರ್ತಿ ಬಿಚ್ಚಿ ಹೊಸದು ಮಾಡಿ ಕೊಡಲು ಒಂದೂವರೆ ಲಕ್ಷ ಅಂದರು. ಇದರಲ್ಲಿ ನಾನೇ ಎಷ್ಟು ಮಾಡಬಹುದು, ಎಲ್ಲಿಂದ ಶುರು ಮಾಡಲಿ? ಟ್ಯಾಂಕಿಗೆ ಆಸಿಡ್ ಹಾಕು ಅಂತ ಒಬ್ಬರು ಹೇಳಿದ್ದಾರೆ, ಹಾಕಬಹುದಾ? ಗಾಡಿ ಸರಿಯಾದ ಮೇಲೆ ಅಜ್ಜಿಯನ್ನು ಕೂರಿಸಿಕೊಂಡು ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗಿ ಬರುವ ಆಸೆ ಇದೆ.

ಉತ್ತರ: ಮೊದಲು ಎರಡು ಮಾತು. ಇವತ್ತಿನಿಂದ ಆ ಕಿಕ್ಕರ್ ಮೇಲೆ ಕಾಲಿಡಬೇಡಿ. ಇನ್ನೊಂದು, ಯಾರಿಗೂ ಅಡ್ವಾನ್ಸ್ ಕೊಡಬೇಡಿ. ನೀವು ಬರೆದಿರುವುದನ್ನು ನೋಡಿದರೆ ಗಾಡಿ ಪೂರ್ತಿ ಇದೆ, ಒಂದು ಭಾಗವೂ ಕಳೆದಿಲ್ಲ, ಯಾರೂ ಅರ್ಧಂಬರ್ಧ ಬಿಚ್ಚಿಲ್ಲ. ಹಳೇ ಗಾಡಿ ಹುಡುಕುವವರು ಇಂಥದ್ದಕ್ಕೇ ಊರೂರು ಅಲೆಯುತ್ತಾರೆ. ಬಿಚ್ಚಿ ಹೊಸದು ಮಾಡುವುದು ಯಾವಾಗ ಬೇಕಾದರೂ ಆಗುತ್ತದೆ. ಆದರೆ ಅಜ್ಜ ಓಡಿಸಿದ ಗಾಡಿಯ ಹಳೇ ಪೇಂಟು, ಕಾರ್ಖಾನೆಯಲ್ಲಿ ಎಳೆದ ಗೆರೆ, ಅದರ ಬೋಲ್ಟು ಒಮ್ಮೆ ಗುಜರಿಗೆ ಹೋದರೆ ಮತ್ತೆ ಬರುವುದಿಲ್ಲ. ಅದಕ್ಕೇ ನಾನು ಯಾವಾಗಲೂ ಹೇಳುವುದು ಇದೊಂದೇ. ಮೊದಲು ಓಡಲಿ, ಆಮೇಲೆ ನಿಲ್ಲಲಿ, ಅಂದರೆ ಬ್ರೇಕ್ ಹಿಡಿಯಲಿ. ಬಣ್ಣದ ಯೋಚನೆ ಕಟ್ಟಕಡೆಗೆ. ಎಷ್ಟೋ ಸಲ ಅಷ್ಟರಲ್ಲಿ ಬಣ್ಣ ಬೇಡವೇ ಬೇಡ ಅಂತ ನಿಮಗೇ ಅನಿಸುತ್ತದೆ.

ಎಂಜಿನ್‌ಗೆ ಕೈ ಹಾಕುವ ಮುಂಚೆ ಗಾಡಿಯನ್ನು ಆ ಗೋಡೌನಿನಿಂದ ಆಚೆ ತನ್ನಿ. ತೋಟದ ಗೋಡೌನ್ ಅಂದರೆ ಒಂದು ಮೂಲೆಯಲ್ಲಿ ಯೂರಿಯಾ, ಪೊಟ್ಯಾಷ್ ಮೂಟೆ, ಇನ್ನೊಂದು ಮೂಲೆಯಲ್ಲಿ ಬೋರ್ಡೋ ಸಿಂಪಡಣೆಗೆ ತಂದಿಟ್ಟ ಮೈಲುತುತ್ತ, ಅಲ್ವಾ? ಗೊಬ್ಬರದ ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ಕಬ್ಬಿಣವನ್ನು ತಿನ್ನುತ್ತದೆ. ಮೈಲುತುತ್ತ ತೇವದ ಜೊತೆ ಸೇರಿದರೆ ಕಬ್ಬಿಣವನ್ನೂ ತಿನ್ನುತ್ತದೆ, ಅಲ್ಯೂಮಿನಿಯಂ ಅನ್ನೂ ಬಿಡುವುದಿಲ್ಲ. ಮಲೆನಾಡಿನ ಮಳೆಗಿಂತ ಜಾಸ್ತಿ ಗಾಡಿ ಹಾಳು ಮಾಡಿರುವುದು ಈ ಮೂಟೆಗಳೇ. ದನದ ಕೊಟ್ಟಿಗೆಗೂ ಹಾಕಬೇಡಿ. ಗಂಜಳದ ಅಮೋನಿಯಾ ಹಿತ್ತಾಳೆ ಭಾಗಗಳಿಗೆ ಒಳ್ಳೆಯದಲ್ಲ, ಕಾರ್ಬೊರೇಟರಿನ ಜೆಟ್‌ಗಳೆಲ್ಲ, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ತಿರುಪುಗಳೆಲ್ಲ, ಹಿತ್ತಾಳೆಯವೇ. ಮನೆ ಜಗಲಿಯಲ್ಲಿ ಜಾಗ ಮಾಡಿ. ಪ್ಲಾಸ್ಟಿಕ್ ಟಾರ್ಪಾಲು ಬಿಗಿದು ಸುತ್ತಬೇಡಿ, ಒಳಗೆ ಬೆವರುತ್ತದೆ. ಹಳೇ ಹತ್ತಿ ಬೆಡ್‌ಶೀಟ್ ಸಾಕು.

ಆಮೇಲೆ ಫೋನ್ ತೆಗೆದು ಫೋಟೋ ಹೊಡೆಯಿರಿ. ಕೇಬಲ್ ಎಲ್ಲಿಂದ ಎಲ್ಲಿಗೆ ಹೋಗಿದೆ, ಯಾವ ವೈರ್ ಯಾವುದಕ್ಕೆ ಸೇರಿದೆ, ಯಾವ ವಾಷರ್ ಯಾವ ಕಡೆ ಇದೆ, ಎಲ್ಲವೂ ಬೇಕು. ಬಿಚ್ಚಿದ ಪ್ರತಿ ಭಾಗಕ್ಕೂ ಒಂದು ಕವರ್, ಕವರ್ ಮೇಲೆ ಹೆಸರು. ಇದೊಂದು ಶಿಸ್ತು ಇದ್ದರೆ ಅರ್ಧ ಕೆಲಸ ನೀವೇ ಮಾಡಬಹುದು.

ಕಾಗದ ಪತ್ರದ ವಿಷಯ ಈಗಲೇ ಹೇಳಿಬಿಡುತ್ತೇನೆ. ತುಂಬಾ ಜನ ಗಾಡಿಗೆ ಪೂರ್ತಿ ದುಡ್ಡು ಹಾಕಿ ಆಮೇಲೆ ಆರ್‌ಸಿ ಹುಡುಕುತ್ತಾರೆ. ಆರ್‌ಸಿ ಎಲ್ಲಿದೆ ನೋಡಿ. ಅದರಲ್ಲಿರುವ ಎಂಜಿನ್ ನಂಬರ್, ಚಾಸಿ ನಂಬರ್ ಗಾಡಿಯ ಮೇಲಿನದಕ್ಕೆ ತಾಳೆಯಾಗಬೇಕು. ತುಕ್ಕು, ಜಿಡ್ಡನ್ನು ಮೆತ್ತಗೆ ಒರೆಸಿ, ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಅಕ್ಷರ ಮೂಡುತ್ತದೆ. ಎಮರಿ ಹಾಕಿ ಉಜ್ಜಬೇಡಿ. ಮುಂದೆ ಯಾವತ್ತಾದರೂ ಪೇಂಟ್‌ಗೆ ಕೊಟ್ಟರೆ ಆ ನಂಬರಿನ ಮೇಲೆ ಟೇಪ್ ಹಚ್ಚಿಯೇ ಕೊಡಿ. ಸ್ಯಾಂಡ್ ಬ್ಲಾಸ್ಟಿಂಗ್‌ನಲ್ಲಿ ನಂಬರ್ ಅಳಿಸಿದರೆ, ಇಲ್ಲ ಪುಟ್ಟಿಯಲ್ಲಿ ಮುಚ್ಚಿಹೋದರೆ, ಆರ್‌ಟಿಒ ಇನ್‌ಸ್ಪೆಕ್ಟರ್ ಮುಂದೆ ಉತ್ತರ ಕೊಡುವುದು ಕಷ್ಟ. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ಮಾಡಿಸಲು ಫಾರಂ 31 ಇದೆ. ನಾಡಕಚೇರಿಯಿಂದ ವಂಶವೃಕ್ಷ, ಜೊತೆಗೆ ಅಜ್ಜನ ಮರಣ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆ ಬೇಕಾಗುತ್ತದೆ. ಮನೆಯಲ್ಲಿ ಚಿಕ್ಕಪ್ಪ, ಅತ್ತೆಯರು ಇದ್ದರೆ ಮೊದಲೇ ಮಾತಾಡಿ. 15 ವರ್ಷ ದಾಟಿದ ಗಾಡಿಗೆ ನೋಂದಣಿ ನವೀಕರಣ ಫಾರಂ 25ರಲ್ಲಿ, ಒಮ್ಮೆಗೆ 5 ವರ್ಷಕ್ಕೆ ಮಾಡಿಕೊಡುತ್ತಾರೆ. ಅದಕ್ಕೆ ಗಾಡಿಯನ್ನು ತೋರಿಸಬೇಕು, ಇನ್ಶೂರೆನ್ಸ್ ಬೇಕು, ಹಸಿರು ತೆರಿಗೆ ಕಟ್ಟಬೇಕು. ತಡವಾದದ್ದಕ್ಕೆ ದಂಡ ಸೇರುತ್ತದೆ. ಶುಲ್ಕ ಆಗಾಗ ಬದಲಾಗುವುದರಿಂದ ಚಿಕ್ಕಮಗಳೂರು ಆರ್‌ಟಿಒದಲ್ಲಿ ಒಮ್ಮೆ ಕೇಳಿಕೊಂಡು ಬನ್ನಿ. ವಿಂಟೇಜ್ ಲೆಕ್ಕದಲ್ಲಿ ಮಾಡಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದು 50 ವರ್ಷ ದಾಟಿದ ಗಾಡಿಗೆ, ಅಲ್ಲದೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನಾ ಓಡಿಸುವ ಹಾಗಿಲ್ಲ.

ಈಗ ಕ್ಲೀನಿಂಗ್. ವಾಟರ್ ಸರ್ವೀಸ್‌ಗೆ ತಳ್ಳಿಕೊಂಡು ಹೋಗಬೇಡಿ. ಆ ಪ್ರೆಶರ್ ನೀರು ಚಕ್ರದ ಬೇರಿಂಗ್, ಹ್ಯಾಂಡಲ್ ಬೇರಿಂಗ್, ಪಾಯಿಂಟ್ ಸೆಟ್ (ಪ್ಲಗ್ಗಿನ ಕಿಡಿಗೆ ಕರೆಂಟ್ ಬಿಟ್ಟು ಹಿಡಿಯುವ ಭಾಗ), ಕಾರ್ಬೊರೇಟರ್ ಎಲ್ಲದಕ್ಕೂ ನುಗ್ಗುತ್ತದೆ, ನಿಮ್ಮೂರಿನ ಹವೆಯಲ್ಲಿ ಒಣಗುವುದೂ ಇಲ್ಲ. ಮೊದಲು ಒಣ ಬ್ರಷ್ಷು. ಕೈಗೆ ಗ್ಲೌಸ್ ಹಾಕಿಕೊಂಡು ಸೀಟ್ ಎತ್ತಿ ನೋಡಿ, ಚೇಳು, ಜರಿ ಸೇರಿಕೊಂಡಿರುತ್ತವೆ. ಏರ್ ಫಿಲ್ಟರ್ ಡಬ್ಬಿಯಲ್ಲಿ ಇಲಿ ಗೂಡು ಇರುವುದು ಮಾಮೂಲು. ಸೈಲೆನ್ಸರ್ ಬಾಯಲ್ಲಿ, ತೆರೆದಿರುವ ಪೈಪ್‌ಗಳ ತುದಿಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರುತ್ತದೆ. ಅದನ್ನು ತಂತಿಯಲ್ಲಿ ಒಳಕ್ಕೆ ತಳ್ಳಬೇಡಿ, ಹೊರಗೆ ಕೆದಕಿ ತೆಗೆಯಿರಿ. ಜಿಡ್ಡು ಗಟ್ಟಿಯಾಗಿರುವ ಕಡೆ ಸೀಮೆಎಣ್ಣೆ ಅಥವಾ ಡೀಸೆಲ್, ಹಳೇ ಪೇಂಟ್ ಬ್ರಷ್ಷು, ಸ್ವಲ್ಪ ತಾಳ್ಮೆ. ಕೊನೆಗೆ ಬಕೆಟ್ ನೀರು, ಶಾಂಪೂ, ಒಣ ಬಟ್ಟೆ. ಈ ಕೆಲಸ ಮಾಡುವಾಗಲೇ ಗಾಡಿ ನಿಮಗೆ ಗೊತ್ತಾಗುತ್ತಾ ಹೋಗುತ್ತದೆ. ಎಲ್ಲಿ ಬಿರುಕಿದೆ, ಎಲ್ಲಿ ಆಯಿಲ್ ಸೋರಿದೆ, ಯಾವ ಬೋಲ್ಟು ಹಳೇದಲ್ಲ, ಎಲ್ಲ ಕಣ್ಣಿಗೆ ಬೀಳುತ್ತದೆ.

ಕಿಕ್ಕರ್ ಅಲ್ಲಾಡದಿರುವುದಕ್ಕೆ ಹೆದರಬೇಡಿ. ಯೆಜ್ಡಿಯಲ್ಲಿ ಎಡಗಡೆಯ ಒಂದೇ ಲಿವರ್ ಗೇರಿಗೂ ಕಿಕ್ಕಿಗೂ ಎರಡಕ್ಕೂ ಕೆಲಸ ಮಾಡುತ್ತದೆ, ಒಳಗೆ ಒತ್ತಿ ಮೇಲೆತ್ತಿ ತಿರುಗಿಸಬೇಕು. ಕೆಲವೊಮ್ಮೆ ಆ ಲಿವರ್ ಶಾಫ್ಟೇ ಹಿಡಿದಿರುತ್ತದೆ, ಎಂಜಿನ್ ಚೆನ್ನಾಗಿಯೇ ಇರುತ್ತದೆ. ಗೊತ್ತು ಮಾಡಿಕೊಳ್ಳಲು ಪ್ಲಗ್ ಬಿಚ್ಚಿ, ಗಾಡಿಯನ್ನು ಟಾಪ್ ಗೇರಿಗೆ ಹಾಕಿ, ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಹಿಂದಿನ ಚಕ್ರವನ್ನು ಕೈಯಲ್ಲಿ ಮೆಲ್ಲಗೆ ಹಿಂದೆ ಮುಂದೆ ಆಡಿಸಿ. ಚಕ್ರದ ಜೊತೆ ಪಿಸ್ಟನ್ ಕದಲಿದರೆ ಎಂಜಿನ್ ಜಾಮ್ ಆಗಿಲ್ಲ. ಕದಲದಿದ್ದರೆ ಪಿಸ್ಟನ್ ರಿಂಗುಗಳು ಬೋರಿಗೆ, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿಗೆ, ತುಕ್ಕಿನಲ್ಲಿ ಅಂಟಿವೆ. ಪ್ಲಗ್ ತೂತಿನಿಂದ ಡೀಸೆಲ್ ಮತ್ತು 2ಟಿ ಆಯಿಲ್ (ಟೂ ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಬೆರೆಸುವ ಎಣ್ಣೆ) ಸಮ ಸಮ ಸೇರಿಸಿ ಸುರಿಯಿರಿ, ಇಲ್ಲ ತುಕ್ಕು ಬಿಡಿಸುವ ಸ್ಪ್ರೇ ಹಾಕಿ. ನಾಲ್ಕೈದು ದಿನ ಬಿಡಿ. ದಿನಕ್ಕೊಮ್ಮೆ ಸ್ವಲ್ಪ ಹಾಕಿ, ಚಕ್ರವನ್ನು ಸ್ವಲ್ಪ ಆಡಿಸಿ. ಯಾವತ್ತೋ ಒಂದು ದಿನ ಒಂದು ಇಂಚು ಬರುತ್ತದೆ. ಅಲ್ಲಿಗೆ ನಿಲ್ಲಿಸಿ, ವಾಪಸ್ ತಿರುಗಿಸಿ, ಮತ್ತೆ ಎಣ್ಣೆ ಹಾಕಿ. ಜೋರು ಮಾಡಿದರೆ ಏನಾಗುತ್ತದೆ ಅಂದರೆ, ಟೂ ಸ್ಟ್ರೋಕ್ ಬೋರಿನಲ್ಲಿ ಗಾಳಿ, ಹೊಗೆ ಓಡಾಡುವ ಪೋರ್ಟಿನ ಕಿಟಕಿಗಳಿರುತ್ತವೆ, ತುಕ್ಕು ಹಿಡಿದ ರಿಂಗ್ ಆ ಕಿಟಕಿಯ ಅಂಚಿಗೆ ಸಿಕ್ಕಿ ಮುರಿಯುತ್ತದೆ, ಮುರಿದ ಚೂರು ಬೋರನ್ನು ಗೀರುತ್ತದೆ. ಕಿಕ್ಕರ್ ಮೇಲೆ ನಿಂತು ಕುಣಿದರೆ ಒಳಗಿನ ಹಲ್ಲೂ ಹೋಗುತ್ತದೆ. ನಾನು ಕಾಲಿಡಬೇಡಿ ಅಂದಿದ್ದು ಅದಕ್ಕೇ.

ಬಿಟ್ಟುಕೊಂಡಿತು ಅಂತ ಹಾಗೇ ಸ್ಟಾರ್ಟ್ ಮಾಡಬೇಡಿ. ಯೆಜ್ಡಿಯ ಹೆಡ್ ಮತ್ತು ಬೋರ್ ಬಿಚ್ಚುವುದು ಮೋಟರ್‌ಸೈಕಲ್‌ಗಳಲ್ಲೇ ಸುಲಭದ ಕೆಲಸ. ನಟ್ಟುಗಳನ್ನು ಎದುರು ಬದುರು ಸ್ವಲ್ಪ ಸ್ವಲ್ಪವೇ ಸಡಿಲಿಸಿ ಬಿಚ್ಚಿ, ಬಿಗಿಯುವಾಗಲೂ ಹಾಗೇ. ಬೋರ್ ಎತ್ತುವಾಗ ಕೆಳಗೆ ಕ್ರ್ಯಾಂಕ್‌ಕೇಸ್ (ಕ್ರ್ಯಾಂಕ್ ಶಾಫ್ಟ್ ತಿರುಗುವ ಡಬ್ಬಿ) ಬಾಯಿಗೆ ಶುಭ್ರವಾದ ಬಟ್ಟೆ ತುರುಕಿ, ತುಕ್ಕಿನ ಪುಡಿ ಒಳಗೆ ಬೀಳಬಾರದು. ಬೋರನ್ನು ಬೆಳಕಿಗೆ ಹಿಡಿದು ನೋಡಿ. ಬರೀ ಕಂದು ಕಲೆ ಇದ್ದು ಉಗುರು ಆಡಿಸಿದರೆ ಸಿಕ್ಕಿಕೊಳ್ಳುವುದಿಲ್ಲ ಅಂದರೆ ಹೋನಿಂಗ್, ಅಂದರೆ ಒಳಮೈ ಹಗುರವಾಗಿ ಉಜ್ಜಿಸುವುದು, ಮಾಡಿಸಿ ಹೊಸ ರಿಂಗ್ ಹಾಕಿದರೆ ಸಾಕು. ಉಗುರಿಗೆ ಗುಳಿ ಸಿಕ್ಕಿದರೆ ರೀಬೋರ್, ಅಂದರೆ ಬೋರನ್ನು ಸ್ವಲ್ಪ ಅಗಲ ಕೊರೆಸಿ ಅದಕ್ಕೆ ತಕ್ಕ ಓವರ್‌ಸೈಜ್ ಪಿಸ್ಟನ್. ಮೂಲ ಬೋರ್ 65 ಮಿ.ಮೀ., ಸ್ಟ್ರೋಕ್ 75. ಹಿಂದೆ ಎಷ್ಟು ಸಲ ರೀಬೋರ್ ಆಗಿದೆ ಅಂತ ಪಿಸ್ಟನ್ ತಲೆ ಮೇಲಿನ ಗುರುತು ನೋಡಿದರೆ ತಿಳಿಯುತ್ತದೆ. ಪಿಸ್ಟನ್ ಕೈಗೆ ಬಂದ ಮೇಲೆಯೇ ಬೋರ್ ಹೊಡೆಸಿ. ಅಳತೆಯನ್ನು ಪಿಸ್ಟನ್‌ಗೆ ತಕ್ಕ ಹಾಗೆ ಮಾಡಬೇಕೇ ಹೊರತು ಬೋರ್ ಮೊದಲು ಹೊಡೆಸಿ ಪಿಸ್ಟನ್ ಹುಡುಕುವುದಲ್ಲ. ಈ ಕೆಲಸಕ್ಕೆ ಚಿಕ್ಕಮಗಳೂರು, ಹಾಸನದಲ್ಲಿ ಒಳ್ಳೇ ಲೇತ್ ಅಂಗಡಿಗಳಿವೆ, ಬೆಂಗಳೂರಿಗೆ ಹೋಗಬೇಕಿಲ್ಲ.

ಈಗ ಹೇಳುವುದನ್ನು ದಯವಿಟ್ಟು ಗಮನವಿಟ್ಟು ಓದಿ, ಯಾಕೆಂದರೆ ನಿಂತ ಟೂ ಸ್ಟ್ರೋಕ್ ಗಾಡಿಗಳು ರಿಪೇರಿಯಾಗಿ ತಿಂಗಳೊಳಗೆ ಮತ್ತೆ ಸೀಜ್ ಆಗುವುದು, ಅಂದರೆ ಪಿಸ್ಟನ್ ಹಿಡಿದುಕೊಳ್ಳುವುದು, ಇದರಿಂದಲೇ. ಕ್ರ್ಯಾಂಕ್ ಶಾಫ್ಟಿನ ಎರಡೂ ಕಡೆ ರಬ್ಬರಿನ ಆಯಿಲ್ ಸೀಲ್ ಇರುತ್ತದೆ. ಟೂ ಸ್ಟ್ರೋಕ್ ಎಂಜಿನ್ ಉಸಿರಾಡುವುದು ಕ್ರ್ಯಾಂಕ್‌ಕೇಸ್ ಮೂಲಕ. ಆ ಡಬ್ಬಿ ಗಾಳಿ ಸೋರದ ಹಾಗೆ ಮುಚ್ಚಿರಬೇಕು. ಹತ್ತು ವರ್ಷ ನಿಂತ ಗಾಡಿಯಲ್ಲಿ ಸೀಲಿನ ತುಟಿ ಗಟ್ಟಿಯಾಗಿ ಶಾಫ್ಟನ್ನು ಹಿಡಿಯುವುದೇ ಇಲ್ಲ. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಒಳಕ್ಕೆ ಎಳೆದುಕೊಂಡು ಸುಡುತ್ತದೆ, ಬಿಳೀ ಹೊಗೆ ನಿಲ್ಲುವುದೇ ಇಲ್ಲ, ಗೇರ್ ಆಯಿಲ್ ದಿನೇ ದಿನೇ ಇಳಿಯುತ್ತದೆ. ಅದಾದರೂ ಕಣ್ಣಿಗೆ ಕಾಣುತ್ತದೆ. ಪಾಯಿಂಟ್ ಇರುವ ಬಲಗಡೆಯ ಸೀಲ್ ಹೋದರೆ ಏನೂ ಕಾಣುವುದಿಲ್ಲ. ಅಲ್ಲಿಂದ ಬರೀ ಗಾಳಿ ಒಳಗೆ ಹೋಗುತ್ತದೆ, ಪೆಟ್ರೋಲ್ ಪಾಲು ಕಮ್ಮಿ, ಅದರ ಜೊತೆ ಬರುವ ಆಯಿಲ್ ಪಾಲೂ ಕಮ್ಮಿ, ಎಂಜಿನ್ ಕಾಯುತ್ತದೆ. ಗುರುತು ಏನು ಅಂದರೆ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಸದ್ದು ತಕ್ಷಣ ಇಳಿಯುವುದಿಲ್ಲ, ಎಳೆದುಕೊಂಡೇ ಇರುತ್ತದೆ. ಪ್ಲಗ್ ತೆಗೆದರೆ ಸುಣ್ಣದ ಹಾಗೆ ಬೆಳ್ಳಗಿರುತ್ತದೆ. ಹೀಗಾದ ತಕ್ಷಣ ಓಡಿಸುವುದನ್ನು ನಿಲ್ಲಿಸಿ. ಸೀಲಿನ ಬೆಲೆ ಏನೂ ಅಲ್ಲ, ಕೆಲಸಕ್ಕೇ ದುಡ್ಡು. ಕ್ಲಚ್ ಬಿಚ್ಚಲು ಅದರದ್ದೇ ಪುಲ್ಲರ್ ಬೇಕು, ಸುತ್ತಿಗೆಯಲ್ಲಿ ಹೊಡೆಯುವವರ ಕೈಗೆ ಕೊಡಬೇಡಿ. ಇದು ನೀವು ಮಾಡುವ ಕೆಲಸವಲ್ಲ, ಯೆಜ್ಡಿ ಗೊತ್ತಿರುವ ಮೇಸ್ತ್ರಿಗೆ ಕೊಡಿ. 1961ರಿಂದ 1996ರವರೆಗೆ ಯೆಜ್ಡಿ ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ ನಡೆದಿದ್ದು ಮೈಸೂರಿನಲ್ಲೇ ಆದ್ದರಿಂದ ಈ ಎಂಜಿನ್ ಬಲ್ಲವರು ಇನ್ನೂ ಆ ಕಡೆ ಸಿಗುತ್ತಾರೆ. ಎಂಜಿನ್ ಮಾತ್ರ ಇಳಿಸಿ ಕಳಿಸಿ, ಇಡೀ ಗಾಡಿ ಬಿಟ್ಟು ಬರಬೇಡಿ. ಭಾಗಗಳು ಮೈಸೂರಿನಲ್ಲೂ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಸಿಗುತ್ತವೆ. ಈಗ ಹೊಸದಾಗಿ ಬರುತ್ತಿರುವ ಯೆಜ್ಡಿ ಫೋರ್ ಸ್ಟ್ರೋಕ್ ಎಂಜಿನ್ನಿನದು, ಅದರ ಭಾಗ ಇದಕ್ಕೆ ಕೂರುವುದಿಲ್ಲ.

ಟ್ಯಾಂಕಿಗೆ ಬರೋಣ. ಆಸಿಡ್ ಅಂದರೆ ಅವರು ಹೇಳಿರುವುದು ಬಾತ್‌ರೂಮ್ ತೊಳೆಯುವ ಆಸಿಡ್ ಇರಬೇಕು. ಬೇಡ. ಅದು ತುಕ್ಕಿನ ಜೊತೆ ತಗಡನ್ನೂ ತಿನ್ನುತ್ತದೆ, ಬೆಸುಗೆಯ ಅಂಚಿನಲ್ಲಿ ಉಳಿದು ಆಮೇಲೆ ತೂತು ಮಾಡುತ್ತದೆ, ಹೊರಗೆ ಚೆಲ್ಲಿದ ಕಡೆ ಪೇಂಟೂ ಹೋಗುತ್ತದೆ. ಅದರ ಬದಲು ಸಿಟ್ರಿಕ್ ಆಸಿಡ್ ತನ್ನಿ, ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಸಿಗುತ್ತದಲ್ಲ, ಅದೇ. ಮೊದಲು ಹಳೇ ಪೆಟ್ರೋಲ್ ಪೂರ್ತಿ ಬಸಿಯಿರಿ. ಹತ್ತು ವರ್ಷದ ಪೆಟ್ರೋಲ್ ಪೆಟ್ರೋಲಾಗಿ ಉಳಿದಿರುವುದಿಲ್ಲ, ತಳದಲ್ಲಿ ಬೆಲ್ಲದ ಪಾಕದ ಹಾಗೆ ಅಂಟಾಗಿ ನಿಂತಿರುತ್ತದೆ, ಮೂಗಿಗೆ ವಾರ್ನಿಷ್ ವಾಸನೆ ಹೊಡೆಯುತ್ತದೆ. ಪೆಟ್ರೋಲ್ ಕಾಕ್ (ಟ್ಯಾಂಕಿನ ಅಡಿಯ ನಲ್ಲಿ) ಬಿಚ್ಚಿ ಆ ತೂತಿಗೆ ರಬ್ಬರ್ ಬಿರಡೆ ಹಾಕಿ. ಟ್ಯಾಂಕಿನ ಹೊರಮೈಗೆ, ಮುಚ್ಚಳದ ಸುತ್ತ, ಪ್ಲಾಸ್ಟಿಕ್ ಸುತ್ತಿ ಟೇಪ್ ಹಚ್ಚಿ, ಹಳೇ ಪೇಂಟ್ ಉಳಿಯಬೇಕು. ಸೋಪಿನ ಬಿಸಿನೀರು ಹಾಕಿ ಅಂಟು ಹೋಗುವ ತನಕ ಎರಡು ಮೂರು ಸಲ ಕುಲುಕಿ ಚೆಲ್ಲಿ, ಯಾಕೆಂದರೆ ಜಿಡ್ಡಿನ ಮೇಲೆ ಸಿಟ್ರಿಕ್ ಕೆಲಸ ಮಾಡುವುದಿಲ್ಲ. ಆಮೇಲೆ ಒಂದು ಸಣ್ಣ ಸರಪಳಿ ಒಳಗೆ ಬಿಟ್ಟು ಸ್ವಲ್ಪ ಹೊತ್ತು ಆಡಿಸಿದರೆ ಹೊಟ್ಟಿನ ಹಾಗಿರುವ ತುಕ್ಕು ಉದುರುತ್ತದೆ. ಸರಪಳಿಯ ತುದಿಗೆ ತಂತಿ ಕಟ್ಟಿ ಹೊರಗೆ ಹಿಡಿದುಕೊಂಡಿರಿ, ಒಳಗೆ ಬಿದ್ದರೆ ತೆಗೆಯುವುದು ಒಂದು ಕೆಲಸ.

ಲೀಟರ್ ಬಿಸಿನೀರಿಗೆ 60, 70 ಗ್ರಾಂ ನಿಂಬೆ ಉಪ್ಪು ಕರಗಿಸಿ ಟ್ಯಾಂಕ್ ಬಾಯಿವರೆಗೂ ತುಂಬಿಸಿ. ಅರ್ಧ ತುಂಬಿದರೆ ಮೇಲಿನ ಛಾವಣಿಯ ತುಕ್ಕು ಹಾಗೇ ಉಳಿಯುತ್ತದೆ. ಮುಚ್ಚಳ ಬಿಗಿ ಹಾಕಬೇಡಿ, ಗುಳ್ಳೆ ಬರುತ್ತದೆ. ರಾತ್ರಿ ಬಿಟ್ಟು ಬೆಳಗ್ಗೆ ಟಾರ್ಚ್ ಹಾಕಿ ನೋಡಿ. ನೀರು ಹಳದಿ ಹಸಿರಾಗಿ, ಒಳಗೆ ತಗಡು ಬೂದು ಬಣ್ಣಕ್ಕೆ ಬಂದಿದ್ದರೆ ಆಯಿತು. ಇನ್ನೂ ಕೆಂಪಿದ್ದರೆ ಇನ್ನೊಂದು ಸುತ್ತು. ದಿನಗಟ್ಟಲೆ ಬಿಡಬೇಡಿ. ಚೆಲ್ಲಿದ ಕೂಡಲೇ ಅಡುಗೆ ಸೋಡ ಕದಡಿದ ನೀರಲ್ಲಿ ತೊಳೆಯಿರಿ, ಮತ್ತೆ ಬರೀ ನೀರು, ಆಮೇಲೆ ತಡ ಮಾಡದೆ ಒಣಗಿಸಿ. ಇಲ್ಲೇ ಎಲ್ಲರೂ ಸೋಲುವುದು. ಈಗಷ್ಟೇ ತೊಳೆದ ತಗಡು ಅರ್ಧ ಗಂಟೆಯಲ್ಲಿ ಮತ್ತೆ ಕೆಂಪಗಾಗುತ್ತದೆ. ತಲೆಕೂದಲು ಒಣಗಿಸುವ ಡ್ರೈಯರ್ ಬಾಯಿಗೆ ಹಿಡಿಯಿರಿ. ಬಿಸಿಲಿನ ದಿನ ನೋಡಿಕೊಂಡು, ಮಾರ್ಚ್ ಏಪ್ರಿಲ್‌ನಲ್ಲಿ ಮಾಡಿದರೆ ಇನ್ನೂ ಒಳ್ಳೆಯದು. ಡ್ರೈಯರ್ ಹಿಡಿಯುವಾಗ ಒಳಗೆ ಪೆಟ್ರೋಲ್ ವಾಸನೆ ಒಂಚೂರೂ ಇರಬಾರದು. ಒಣಗಿದ ಮೇಲೆ 2ಟಿ ಆಯಿಲ್ ಸ್ವಲ್ಪ ಹಾಕಿ ಎಲ್ಲ ಕಡೆ ಹರಿಯುವ ಹಾಗೆ ತಿರುಗಿಸಿ ಇಡಿ. ತೂತು ಬಿದ್ದಿದ್ದರೆ ಬೆಸುಗೆಗೆ ಕೊಡುವ ಮುಂಚೆ ಒಂದು ಮಾತು: ಖಾಲಿ ಪೆಟ್ರೋಲ್ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗಿನ ಆವಿ ಸಿಡಿಯುತ್ತದೆ. ಚೆನ್ನಾಗಿ ತೊಳೆದು, ತೂತಿನವರೆಗೂ ನೀರು ತುಂಬಿಸಿ ಕೆಲಸ ಮಾಡುವವರಿಗೆ ಮಾತ್ರ ಕೊಡಿ.

ಪೆಟ್ರೋಲ್ ಪೈಪು, ಕಾಕಿನ ವಾಷರ್ ಎಲ್ಲ ಹೊಸದೇ ಹಾಕಿ. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ 20 ಪರ್ಸೆಂಟ್‌ವರೆಗೆ ಎಥನಾಲ್ ಇರುತ್ತದೆ. ಹಳೇ ರಬ್ಬರಿಗೆ ಅದು ಆಗುವುದಿಲ್ಲ, ಉಬ್ಬಿ ಮೆತ್ತಗಾಗುತ್ತದೆ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಆದ್ದರಿಂದ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಓಡಿಸುವುದಿಲ್ಲ ಅಂತಾದರೆ ಟ್ಯಾಂಕ್, ಕಾರ್ಬೊರೇಟರ್ ಎರಡನ್ನೂ ಖಾಲಿ ಮಾಡಿಡಿ. ಕಾರ್ಬೊರೇಟರ್ ಬಿಚ್ಚಿ ಜೆಟ್‌ಗಳನ್ನು ಕ್ಲೀನರ್ ಸ್ಪ್ರೇ ಮತ್ತು ಗಾಳಿಯಲ್ಲಿ ಊದಿ, ತಂತಿ ಹಾಕಿದರೆ ತೂತು ದೊಡ್ಡದಾಗುತ್ತದೆ. ಜೋಡಿಸಿದ ಮೇಲೆ ಆಕ್ಸಿಲರೇಟರ್ ತಿರುಗಿಸಿ ಬಿಡಿ, ಒಳಗೆ ಗಾಳಿಯ ದಾರಿ ತೆರೆದು ಮುಚ್ಚುವ ಸ್ಲೈಡ್ ಟಕ್ ಅಂತ ಕೆಳಗೆ ಬೀಳುವ ಸದ್ದು ಕೇಳಬೇಕು. ಕೇಳದಿದ್ದರೆ ಸ್ಟಾರ್ಟ್ ಮಾಡಬೇಡಿ. ಸ್ಲೈಡ್ ಮೇಲೆ ಸಿಕ್ಕಿಕೊಂಡರೆ ಎಂಜಿನ್ ಕಿರುಚಿಕೊಂಡು ಕೈ ಮೀರಿ ಹೋಗುತ್ತದೆ.

ಕರೆಂಟಿನ ಕೆಲಸ ಬೇಗ ಮುಗಿಯುತ್ತದೆ. ಯೆಜ್ಡಿಗಳಲ್ಲಿ 6 ವೋಲ್ಟಿನವೂ ಇವೆ, 12 ವೋಲ್ಟಿನವೂ ಇವೆ, ಬಲ್ಬು ಮತ್ತು ಬ್ಯಾಟರಿ ಮೇಲೆ ಬರೆದಿರುವುದು ನೋಡಿಕೊಂಡೇ ಹೊಸದು ತನ್ನಿ. ಪಾಯಿಂಟ್ ಇರುವ ಗಾಡಿಯಾದರೆ ನುಣುಪು ಎಮರಿಯಲ್ಲಿ ಪಾಯಿಂಟ್ ಮೆತ್ತಗೆ ಉಜ್ಜಿ, ಪೆಟ್ರೋಲ್ ಒರೆಸಿದ ಕಾಗದದ ಚೂರು ಮಧ್ಯೆ ಎಳೆದು, ಫೀಲರ್ ಗೇಜಿನಲ್ಲಿ 0.4 ಮಿ.ಮೀ. ಸಂದು ಇಡಿ. ಕಂಡೆನ್ಸರ್ ಹೊಸದು ಹಾಕಿ, ಹಳೇದನ್ನು ನಂಬಬೇಡಿ. ಇಲಿ ಕಡಿದ ವೈರ್‌ಗಳಿಗೆ ಟೇಪ್ ಸುತ್ತುವ ಬದಲು ಆ ಉದ್ದಕ್ಕೂ ಬದಲಾಯಿಸಿ. ಮುಕ್ಕಾಲು ಪಾಲು ತೊಂದರೆ ಅರ್ಥ್ ವೈರ್ ಕೂರುವ ಜಾಗದ ತುಕ್ಕಿನಲ್ಲೇ ಇರುತ್ತದೆ, ಅದನ್ನು ಹೊಳೆಯುವ ತನಕ ಕೆರೆಯಿರಿ.

ಗೇರ್ ಆಯಿಲ್ ಇಳಿಸಿ ಹೊಸದು ಹಾಕಿ. ಹಳೇದು ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ಬಂದಿದ್ದರೆ ಒಳಗೆ ನೀರು ಸೇರಿದೆ, ಎರಡು ಸಲ ಬದಲಾಯಿಸಿ. ಕ್ಲಚ್ ಪ್ಲೇಟ್‌ಗಳು ಒಂದಕ್ಕೊಂದು ಅಂಟಿರುತ್ತವೆ, ಲಿವರ್ ಹಿಡಿದು ಹಗ್ಗದಲ್ಲಿ ಕಟ್ಟಿ ಒಂದು ರಾತ್ರಿ ಬಿಟ್ಟರೆ ಸಾಮಾನ್ಯವಾಗಿ ಬಿಡುತ್ತವೆ.

ಮೊದಲ ಸ್ಟಾರ್ಟಿಗೆ ಹೊಸ ಪೆಟ್ರೋಲ್ ಒಂದು ಲೀಟರ್, ಅದಕ್ಕೆ ಒಳ್ಳೇ 2ಟಿ ಆಯಿಲ್ 40 ಎಂಎಲ್, ಹೊರಗೆ ಬಾಟಲಿಯಲ್ಲೇ ಚೆನ್ನಾಗಿ ಕಲಕಿ ಹಾಕಿ. ರೋಡ್‌ಕಿಂಗ್‌ಗೆ ಬೇರೆ ಆಯಿಲ್ ಟ್ಯಾಂಕ್ ಇರುವುದಿಲ್ಲ, ಪೆಟ್ರೋಲಿನ ಜೊತೆ ಹೋಗುವ ಆಯಿಲ್ ಮಾತ್ರವೇ ಬೋರಿಗೆ, ಬೇರಿಂಗಿಗೆ ಎಣ್ಣೆ. ಒಂದು ಸಲ ಮರೆತರೂ ಪಿಸ್ಟನ್ ಹೋಯಿತು. ಶುರುವಿನಲ್ಲಿ ಬಿಳೀ ಹೊಗೆ ಜಾಸ್ತಿ ಬರುತ್ತದೆ. ನೀವು ಹಾಕಿದ ಎಣ್ಣೆಯೆಲ್ಲ ಸುಡಬೇಕಲ್ಲ. ಹತ್ತು ಹದಿನೈದು ನಿಮಿಷ ಆದ ಮೇಲೂ ಹಾಗೇ ಇದ್ದರೆ ಸೀಲಿನ ಕಡೆ ನೋಡಿ. ಸೈಲೆನ್ಸರ್ ಒಳಗಿನ ಬ್ಯಾಫಲ್, ಅಂದರೆ ಸದ್ದು ತಗ್ಗಿಸುವ ಕೊಳವೆ, ಎಳೆದು ಮಸಿ ಕೆರೆದು ಮತ್ತೆ ಹಾಕಿ. ಸದ್ದಿಗೋಸ್ಕರ ಬ್ಯಾಫಲ್ ತೆಗೆದುಬಿಡುವವರಿದ್ದಾರೆ. ಟೂ ಸ್ಟ್ರೋಕ್ ಎಂಜಿನ್ ಸೈಲೆನ್ಸರಿನ ಒತ್ತಡವನ್ನು ನಂಬಿಕೊಂಡೇ ಓಡುವುದು, ತೆಗೆದರೆ ಸದ್ದು ಏರುತ್ತದೆ, ಎಳೆತ ಇಳಿಯುತ್ತದೆ. ಈ ಗಾಡಿಗೆ ಅದರದ್ದೇ ಒಂದು ಸದ್ದಿದೆ, ಅದನ್ನು ಕೆಡಿಸಬೇಡಿ.

ಬ್ರೇಕ್ ಡ್ರಮ್ ಬಿಚ್ಚಿದಾಗ ಒಳಗೆ ಕಪ್ಪು ಪುಡಿ ಇರುತ್ತದೆ. ಏರ್ ಹೊಡೆದು ಊದಬೇಡಿ, ಬಾಯಲ್ಲಂತೂ ಬೇಡವೇ ಬೇಡ. ಆ ಕಾಲದ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ ಬಟ್ಟೆಯನ್ನು ಕವರ್‌ನಲ್ಲಿ ಕಟ್ಟಿ ಬಿಸಾಡಿ. ಲೈನರ್ ಹೊಸದು, ಕೇಬಲ್‌ಗಳೆಲ್ಲ ಹೊಸದು. ಟೈರಿನ ಗ್ರಿಪ್ಪು ಎಷ್ಟೇ ಚೆನ್ನಾಗಿ ಕಂಡರೂ ಬದಲಾಯಿಸಿ. ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ, 2310 ಅಂತ ಇದ್ದರೆ 2010ರ 23ನೇ ವಾರ ತಯಾರಾದದ್ದು ಅಂತ ಅರ್ಥ. ಅಷ್ಟು ಹಳೇ ರಬ್ಬರ್ ಕಲ್ಲಾಗಿರುತ್ತದೆ, ಮಳೆ ರಸ್ತೆಯಲ್ಲಿ ಹಿಡಿಯುವುದಿಲ್ಲ. ಹೊಸದು ತಂದಾಗಲೂ ಈ ಅಂಕಿ ನೋಡಿ ತನ್ನಿ.

ಇಷ್ಟಾದ ಮೇಲೆ ಕ್ರೋಮ್ ಮತ್ತು ಬಣ್ಣ. ಸೈಲೆನ್ಸರ್ ಮೇಲೆ ತುಕ್ಕಿನ ಚುಕ್ಕೆಗಳಿದ್ದರೆ ಎಮರಿ, ಸ್ಟೀಲ್ ಜುಂಗು ಹಿಡಿಯಬೇಡಿ. ಊಟ ಪಾರ್ಸೆಲ್ ಕಟ್ಟುವ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ, ನೀರಲ್ಲಿ ಅದ್ದಿ, ಹಗುರವಾಗಿ ಉಜ್ಜಿ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆದು, ಆದ್ದರಿಂದ ಗೀರು ಬೀಳುವುದಿಲ್ಲ, ತುಕ್ಕು ಮಾತ್ರ ಕಪ್ಪು ರಾಡಿಯಾಗಿ ಬಿಡುತ್ತದೆ. ಒರೆಸಿ ನೋಡಿದರೆ ಅಡಿಯಲ್ಲಿ ಹೊಳಪು ಇದ್ದೇ ಇರುತ್ತದೆ, ತುಕ್ಕು ಆಳಕ್ಕೆ ಹೋದ ಕಡೆ ಸೂಜಿ ಮೊನೆಯಷ್ಟು ಚುಕ್ಕೆ ಉಳಿಯುತ್ತದೆ. ಅವು ಇರಲಿ, ಮೇಲೆ ವ್ಯಾಕ್ಸ್ ಹಚ್ಚಿ. ಪೂರ್ತಿ ಸಿಪ್ಪೆ ಎದ್ದ ಭಾಗ ಮಾತ್ರ ಪ್ಲೇಟಿಂಗ್‌ಗೆ ಕೊಡಿ. ಪೇಂಟಿಗೆ ಮೊದಲು ಟ್ಯಾಂಕಿನ ಅಡಿಭಾಗದಲ್ಲಿ, ಕಾಣದ ಕಡೆ, ರಬ್ಬಿಂಗ್ ಕಾಂಪೌಂಡ್ ಸ್ವಲ್ಪ ಹಚ್ಚಿ ಮೆತ್ತಗಿನ ಬಟ್ಟೆಯಲ್ಲಿ ಉಜ್ಜಿ ನೋಡಿ. ಮಾಸಿದ ಮೇಲ್ಪದರ ಹೋಗಿ ಹಳೇ ಬಣ್ಣ ಎದ್ದು ಬರುತ್ತದೆ. ಗೆರೆಗಳ ಮೇಲೆ ಒತ್ತಬೇಡಿ, ಅವು ತೆಳು. ಅಲ್ಲಲ್ಲಿ ಪೇಂಟ್ ಹೋಗಿ ಕಬ್ಬಿಣ ಕಾಣುತ್ತಿದ್ದರೆ ಅಷ್ಟಕ್ಕೆ ಮಾತ್ರ ಪ್ರೈಮರ್, ಟಚಪ್. ಅಜ್ಜನ ಮೊಣಕಾಲು ತಾಗಿ ಸವೆದ ಜಾಗ ಇದ್ದರೆ ಅದನ್ನು ಹಾಗೇ ಬಿಡಿ ಅಂತ ನಾನು ಹೇಳುತ್ತೇನೆ. ಪೌಡರ್ ಕೋಟಿಂಗ್ ಹೊಸ ಗಾಡಿಯ ಹಾಗೆ ಹೊಳೆಯುತ್ತದೆ ನಿಜ, ಆದರೆ ಆ ಮೇಲೆ ಅದು ಎಲ್ಲರ ಯೆಜ್ಡಿಯ ಹಾಗೇ ಕಾಣುತ್ತದೆ.

ಹೀಗೆ ಮಾಡಿದರೆ ನೀವು ಹೊರಗೆ ಕೊಡಬೇಕಾದದ್ದು ಬೋರ್ ಕೆಲಸ, ಕ್ರ್ಯಾಂಕಿನ ಸೀಲ್, ಸ್ವಲ್ಪ ಪ್ಲೇಟಿಂಗ್. ಉಳಿದದ್ದೆಲ್ಲ ಜಗಲಿಯಲ್ಲೇ ಆಗುತ್ತದೆ. ಒಂದೂವರೆ ಲಕ್ಷದ ಮಾತಿಗೆ ಈಗಲೇ ಒಪ್ಪಬೇಡಿ. ಎಂಜಿನ್ ಬಿಚ್ಚಿದ ಮೇಲೆ ಏನೇನು ಬೇಕು ಅಂತ ಬರೆಸಿಕೊಂಡು, ಹಳೇ ಭಾಗಗಳನ್ನೆಲ್ಲ ವಾಪಸ್ ಕೊಡಬೇಕು ಅಂತ ಮೊದಲೇ ಹೇಳಿ ಕೊಡಿ.

ಇನ್ನು ಚಾರ್ಮಾಡಿ. ಆಗುತ್ತದೆ, ಆದರೆ ಮೊದಲ ಸವಾರಿಯೇ ಅದಾಗಬಾರದು. ಹೊಸ ಪಿಸ್ಟನ್ ಹಾಕಿದ್ದರೆ ಮೊದಲ 500 ಕಿಲೋಮೀಟರ್ ಸಮತಟ್ಟು ರಸ್ತೆಯಲ್ಲಿ, ಮೂಡಿಗೆರೆಯಿಂದ ಬೇಲೂರು, ಹಾಸನದ ಕಡೆ ಓಡಾಡಿ. ಒಂದೇ ವೇಗದಲ್ಲಿ ಎಳೆಯಬೇಡಿ, ಏರುಪೇರು ಇರಲಿ. ಪ್ಲಗ್ ತೆಗೆದು ನೋಡಿ, ತಿಳಿ ಕಂದು ಬಣ್ಣ ಬಂದಿದ್ದರೆ ಸರಿ.

ಘಾಟಿ ಇಳಿಯುವಾಗ ಟೂ ಸ್ಟ್ರೋಕಿಗೆ ಒಂದು ಬೇರೆ ನಿಯಮ ಇದೆ. ಫೋರ್ ಸ್ಟ್ರೋಕ್ ಗಾಡಿಯನ್ನು ಗೇರಿನಲ್ಲಿ ಹಾಕಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಇಳಿಸಿದರೆ ಏನೂ ಆಗುವುದಿಲ್ಲ. ಯೆಜ್ಡಿಯಲ್ಲಿ ಹಾಗೆ ಮಾಡಿದರೆ ಚಕ್ರ ಎಂಜಿನ್ನನ್ನು ಜೋರಾಗಿ ತಿರುಗಿಸುತ್ತಿರುತ್ತದೆ, ಆಕ್ಸಿಲರೇಟರ್ ಮುಚ್ಚಿರುವುದರಿಂದ ಪೆಟ್ರೋಲ್ ಬರುವುದಿಲ್ಲ, ಪೆಟ್ರೋಲ್ ಇಲ್ಲದೆ ಆಯಿಲ್ಲೂ ಇಲ್ಲ. ಕೊಟ್ಟಿಗೆಹಾರದಿಂದ ಕೆಳಗೆ ಅಷ್ಟು ದೂರ ಹೀಗೇ ಇಳಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಅದಕ್ಕೇ ಸ್ವಲ್ಪ ಸ್ವಲ್ಪ ಹೊತ್ತಿಗೆ ಕ್ಲಚ್ ಹಿಡಿದು ಆಕ್ಸಿಲರೇಟರ್ ಒಂದು ಸಲ ಕೊಟ್ಟು ಬಿಡಿ, ಎಣ್ಣೆ ಒಳಗೆ ಹೋಗಲಿ. ನ್ಯೂಟ್ರಲ್‌ನಲ್ಲಿ ಇಳಿಸಬೇಡಿ, ಡ್ರಮ್ ಬ್ರೇಕ್ ಒಂದನ್ನೇ ನಂಬಿದರೆ ಕಾದು ಹಿಡಿತ ಬಿಡುತ್ತದೆ. ಗೇರ್ ಮತ್ತು ಬ್ರೇಕ್ ಎರಡನ್ನೂ ಹಂಚಿಕೊಂಡು ಇಳಿಸಿ. ಅಣ್ಣಪ್ಪಸ್ವಾಮಿ ಗುಡಿ ಹತ್ತಿರ ಹೇಗೂ ನಿಲ್ಲಿಸುತ್ತೀರಿ, ಅಲ್ಲಿ ಬ್ರೇಕ್ ತಣಿಯಲು ಹತ್ತು ನಿಮಿಷ ಬಿಡಿ. ಮಳೆಗಾಲದಲ್ಲಿ ಈ ರಸ್ತೆಯಲ್ಲಿ ಗುಡ್ಡ ಜರಿಯುತ್ತದೆ, ಮಂಜಿನಲ್ಲಿ ಹಳೇ ಹೆಡ್‌ಲೈಟ್ ಸಾಲುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಬೆಳಗ್ಗೆ ಮಂಜು ಕರಗಿದ ಮೇಲೆ ಹೊರಡಿ.

ಅಜ್ಜಿ ಒಂದೇ ಕಡೆ ಕಾಲು ಹಾಕಿ ಕೂರುವವರಾದರೆ ಸೀರೆ ಗಾರ್ಡ್, ಹಿಂದಿನ ಫುಟ್‌ರೆಸ್ಟ್, ಹಿಡಿದುಕೊಳ್ಳುವ ಹಿಡಿ ಮೂರೂ ಗಟ್ಟಿ ಇರಬೇಕು. ಹಳೇ ಸೀಟಿನ ಸ್ಪಂಜು ಪುಡಿಯಾಗಿರುತ್ತದೆ, ಕವರ್ ಹಳೇದೇ ಉಳಿಸಿಕೊಂಡು ಒಳಗೆ ಹೊಸ ಸ್ಪಂಜು ಹಾಕಿಸಿ. ಅವರಿಗೂ ಹೆಲ್ಮೆಟ್ ಬೇಕು, ತಲೆಗೆ ಸರಿ ಹೊಂದುವುದನ್ನು ಮೊದಲೇ ತಂದು ಮನೆಯಲ್ಲಿ ಹಾಕಿ ನೋಡಲು ಹೇಳಿ. ವಾಪಸ್ ಬರುವಾಗ ಇಬ್ಬರ ಭಾರದಲ್ಲಿ ಘಾಟಿ ಹತ್ತುವುದು ಈ 250 ಸಿಸಿ ಎಂಜಿನ್‌ಗೆ ದೊಡ್ಡ ಮಾತಲ್ಲ. ಆದರೆ ಎಳೆತ ಇದ್ದಕ್ಕಿದ್ದ ಹಾಗೆ ಕಮ್ಮಿಯಾಗಿ ಸದ್ದು ಬಿಗಿಯಾಯಿತು ಅನಿಸಿದರೆ ತಕ್ಷಣ ಕ್ಲಚ್ ಹಿಡಿದು ಪಕ್ಕಕ್ಕೆ ನಿಲ್ಲಿಸಿ, ಅರ್ಧ ಗಂಟೆ ತಣಿಯಲು ಬಿಟ್ಟು ಆಮೇಲೆ ಹೊರಡಿ.